ಆರಡಿ ಹತ್ತಿಂಚಿನೊಳಗೆ: ಇಂಗ್ಲೆಂಡಿನ ಕಾಲುವೆಗೆ ನಾವೊಂದು ದೋಣಿ ಕಟ್ಟಿಸಿದ್ದು

ಇಂಗ್ಲೆಂಡಿನ ಕಾಲುವೆಗೆ ದೋಣಿ ಕಟ್ಟಿಸುವವರ ಹತ್ತಿರ ಎಷ್ಟೇ ದುಡ್ಡಿದ್ದರೂ ಅಗಲ ಮಾತ್ರ ಅವರ ಕೈಯಲ್ಲಿ ಇರುವುದಿಲ್ಲ. 6 ಅಡಿ 10 ಇಂಚು, ಅಷ್ಟೇ. ಅದನ್ನು ತೀರ್ಮಾನ ಮಾಡಿದ್ದು ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್, ಅದೂ 1760ರ ದಶಕದಲ್ಲಿ. ಸ್ಟಾಫರ್ಡ್‌ಶೈರ್‌ನ ಪಿಂಗಾಣಿ ಸಾಮಾನು ಗುಂಡಿ ಬಿದ್ದ ರಸ್ತೆಗಳಲ್ಲಿ ಗಾಡಿಯ ಮೇಲೆ ಹೋಗುವಾಗ ಒಡೆಯುತ್ತಿತ್ತು. ಜೋಸೈಯಾ ವೆಡ್ಜ್‌ವುಡ್‌ನಂಥ ಮಾಲೀಕರಿಗೆ ಕಾಲುವೆ ಬೇಕಾಗಿತ್ತು. 1766ರಲ್ಲಿ ಟ್ರೆಂಟ್ ಅಂಡ್ ಮರ್ಸಿ ಕಾಲುವೆ ಅಗೆಯಲು ಶುರು ಮಾಡಿದರು. ಗುಡ್ಡ ಕೊರೆಯುವ ಖರ್ಚು, ಲಾಕ್ ತುಂಬಿಸಲು ಬೇಕಾಗುವ ನೀರು, ಎರಡೂ ಉಳಿಯಲಿ ಅಂತ ಬ್ರಿಂಡ್ಲಿ ಲಾಕುಗಳನ್ನು ಸುಮಾರು 7 ಅಡಿ ಅಗಲ, 72 ಅಡಿ ಉದ್ದಕ್ಕೆ ನಿಲ್ಲಿಸಿದ. ಲಾಕ್ ಅಂದರೆ ಎರಡೂ ಕಡೆ ಗೇಟಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಹೋದಮೇಲೆ ನೀರು ತುಂಬಿಸಿ ಮೇಲೆತ್ತುತ್ತಾರೆ, ಇಲ್ಲವೇ ಖಾಲಿ ಮಾಡಿ ಇಳಿಸುತ್ತಾರೆ. ಇಂದಿಗೂ ಆ ತೊಟ್ಟಿಯಲ್ಲಿ ಹಿಡಿಸುವ ದೋಣಿಗೇ ನ್ಯಾರೋಬೋಟ್ ಅಂತ ಹೆಸರು.

ನಾನು ಮಂಡ್ಯ ಜಿಲ್ಲೆಯವನು. ನಮಗೆ ನಾಲೆ ಅಂದರೆ ವಿ.ಸಿ. ನಾಲೆ. ನೀರು ಬಿಟ್ಟರಾ ಇಲ್ಲವಾ, ಯಾವ ದಿನ ಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ನಾಲೆಯಲ್ಲಿ ಮೋಜಿಗೆ ದೋಣಿ ಬಿಡುತ್ತೇನೆ ಅಂತ ಫೋನಿನಲ್ಲಿ ಹೇಳಿದಾಗ ನಮ್ಮ ದೊಡ್ಡಪ್ಪ, 'ಅದರಲ್ಲಿ ಏನ್ ಸಾಗಿಸ್ತೀಯೋ?' ಅಂತ ಕೇಳಿದರು. ಏನೂ ಇಲ್ಲ, ಸುಮ್ನೆ ಹೋಗಿ ಬರೋದು ಅಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಕವೆಂಟ್ರಿಯಲ್ಲಿ ಇಷ್ಟು ವರ್ಷ ಇದ್ದು, ರಜೆಗೆ ಬಾಡಿಗೆ ದೋಣಿ ಹಿಡಿದು ಆಕ್ಸ್‌ಫರ್ಡ್ ಕಾಲುವೆಯಲ್ಲಿ ಓಡಾಡಿದ ಮೇಲೆ ನನಗೂ ನನ್ನ ಹೆಂಡತಿಗೂ ಅದರ ಹುಚ್ಚು ಹಿಡಿಯಿತು. ಗಂಟೆಗೆ 4 ಮೈಲಿಗಿಂತ ಜೋರಾಗಿ ಹೋಗುವ ಹಾಗಿಲ್ಲ. ನಡೆದು ಹೋಗುವವರು ನಮ್ಮನ್ನು ಹಿಂದೆ ಹಾಕುತ್ತಾರೆ.

ಅಗಲ ಆಯ್ತು, ಇನ್ನು ಉದ್ದ. 70 ಅಡಿವರೆಗೂ ಕಟ್ಟಿಸಬಹುದು. ಆದರೆ ಎಲ್ಲ ಕಾಲುವೆಯೂ ಬ್ರಿಂಡ್ಲಿಯ ಅಳತೆಯದ್ದಲ್ಲ. ಯಾರ್ಕ್‌ಶೈರಿನ ಕಾಲ್ಡರ್ ಅಂಡ್ ಹೆಬಲ್ ಕಡೆಗೆ ಹೋದರೆ ಲಾಕುಗಳು ಅಗಲವಾಗಿವೆ, ಉದ್ದ ಕಡಿಮೆ. ಹಾಗಾಗಿ ದೇಶದ ಹೆಚ್ಚುಕಮ್ಮಿ ಎಲ್ಲ ಕಡೆ ಹೋಗಬೇಕು ಅನ್ನುವವರು 57 ಅಡಿ ಅನ್ನುತ್ತಾರೆ. ನಾವೂ ಅಷ್ಟೇ ಅಂದೆವು. 57 ಅಡಿಗೆ 6 ಅಡಿ 10 ಇಂಚು ಅಂದರೆ 400 ಚದರಡಿಯ ಹತ್ತಿರ. ಬೆಂಗಳೂರಿನ 30-40 ಸೈಟಿನ ಮೂರನೇ ಒಂದು ಪಾಲು. ಅದರಲ್ಲಿ ಮುಂದಿನ ಡೆಕ್, ಹಿಂದಿನ ಡೆಕ್, ಎಂಜಿನ್ ಜಾಗ ಕಳೆದು, ಗೋಡೆಯ ದಪ್ಪವನ್ನೂ ಕಳೆದರೆ ಒಳಗೆ ಉಳಿಯುವ ಅಗಲ 6 ಅಡಿ ಅಷ್ಟೇ. ಗೋಡೆ ಮೇಲಕ್ಕೆ ಹೋದ ಹಾಗೆ ಒಳಕ್ಕೆ ವಾಲುವುದರಿಂದ ಭುಜದ ಹತ್ತಿರ ಇನ್ನೂ ಕಡಿಮೆ.

ದೋಣಿ ಕೊಳ್ಳುವುದಕ್ಕೆ ಹಲವು ದಾರಿಗಳಿವೆ. ಬರೀ ಉಕ್ಕಿನ ಚಿಪ್ಪು ತೆಗೆದುಕೊಂಡು ಒಳಗಿನದ್ದೆಲ್ಲ ನೀವೇ ಮಾಡಬಹುದು. ಎಂಜಿನ್ ಕೂರಿಸಿ, ಓಡಿಸಿಕೊಂಡು ಹೋಗುವ ಹಾಗೆ ಮಾಡಿ ಕೊಡುವುದಕ್ಕೆ 'ಸೇಲ್‌ಅವೇ' ಅನ್ನುತ್ತಾರೆ. ಇಲ್ಲವೇ ಸ್ಪೂನು ತಟ್ಟೆ ತಂದರೆ ಸಾಕು ಅನ್ನುವಷ್ಟು ಪೂರ್ತಿ ಮಾಡಿಸಬಹುದು. ಪೂರ್ತಿ ಕಟ್ಟಿಸಿದ ಹೊಸ ದೋಣಿ ಈಗ 1 ಲಕ್ಷ ಪೌಂಡನ್ನು ಆರಾಮಾಗಿ ದಾಟುತ್ತದೆ. ನಾವು ಮಧ್ಯದ ದಾರಿ ಹಿಡಿದೆವು. ಸೇಲ್‌ಅವೇ ಒಬ್ಬರ ಹತ್ತಿರ, ಒಳಗಿನ ಮರಗೆಲಸ ಇನ್ನೊಬ್ಬರ ಹತ್ತಿರ, ಬಣ್ಣ ಮತ್ತು ಸಣ್ಣಪುಟ್ಟದ್ದು ನಾವೇ.

ಹಣವನ್ನು ಕಂತಿನಲ್ಲಿ ಕೊಡುತ್ತಾರೆ. ಬುಕಿಂಗಿಗೆ ಇಷ್ಟು, ಉಕ್ಕು ಬಂದಾಗ ಇಷ್ಟು, ಚಿಪ್ಪು ಮುಗಿದಾಗ ಇಷ್ಟು. ಪ್ರತಿ ಕಂತು ಕೊಟ್ಟಾಗಲೂ ಅಲ್ಲಿಯವರೆಗೆ ಆದ ಕೆಲಸ, ತಂದಿಟ್ಟ ಉಕ್ಕು, ಎಂಜಿನ್ ಎಲ್ಲ ನಿಮ್ಮದು ಅಂತ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಕಟ್ಟುವವರು ನಡುವೆ ದಿವಾಳಿಯಾದರೆ ಆ ಒಂದು ಸಾಲು ಇಲ್ಲದವರು ಹಣ ಬರಬೇಕಾದವರ ಸರತಿಯಲ್ಲಿ ಕೊನೆಗೆ ನಿಲ್ಲುತ್ತಾರೆ. ನಮ್ಮ ಚಿಪ್ಪು ಹೇಳಿದ ದಿನಕ್ಕೆ ಬರಲಿಲ್ಲ, ತಿಂಗಳುಗಟ್ಟಲೆ ತಡವಾಯಿತು. ಫೋನ್ ಮಾಡಿದರೆ 'ಮುಂದಿನ ವಾರ' ಅನ್ನುವರು. ಮೈಸೂರಿನಲ್ಲಿ ಮನೆ ಕಟ್ಟಿಸಿದ ಅನುಭವ ಇದ್ದುದರಿಂದ ನನಗೆ ಆ ಭಾಷೆ ಹೊಸದಾಗಿರಲಿಲ್ಲ.

ಆ ಕಾದ ದಿನಗಳು ದಂಡವಾಗಲಿಲ್ಲ. ಮೇ ತಿಂಗಳ ಕೊನೆಯಲ್ಲಿ ನಾರ್ಥಾಂಪ್ಟನ್‌ಶೈರಿನ ಕ್ರಿಕ್ ಎಂಬಲ್ಲಿ ದೋಣಿಗಳ ದೊಡ್ಡ ಮೇಳ ನಡೆಯುತ್ತದೆ. ಹೆಸರಷ್ಟೇ ಕ್ರಿಕ್, ಕ್ರಿಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಜನ ಸಾಲಾಗಿ ಹೊಸ ದೋಣಿ ಹತ್ತಿ ಓಕ್ ಮರದ ಗೋಡೆ ಸವರುತ್ತಾರೆ, ಹಿತ್ತಾಳೆ ಕಿಟಕಿ ನೋಡುತ್ತಾರೆ, ಸೋಫಾ ಮೇಲೆ ಕೂತು ಏಳುತ್ತಾರೆ. ನಮ್ಮ ಜೊತೆ ಬಂದಿದ್ದ ಹಳೆಯ ದೋಣಿಗಾರರೊಬ್ಬರು ಮಾತ್ರ ನೆಲದ ಹಲಗೆ ಎತ್ತಿ ತೋರಿಸಿ ಅಂತ ಕೇಳುತ್ತಿದ್ದರು. ವೈರಿಂಗ್ ಬಾಗಿಲು ತೆಗೆಸುತ್ತಿದ್ದರು. ನೀರಿನ ಟ್ಯಾಂಕಿನ ಮುಚ್ಚಳ ಎಲ್ಲಿದೆ, ಒಳಗೆ ಕೈ ಹೋಗುತ್ತದಾ ಅಂತ ನೋಡುತ್ತಿದ್ದರು. ಆಮೇಲೆ ಎಷ್ಟು ಖರ್ಚು ಮಾಡಿದರೂ ಕೈಗೆ ಸಿಗದ ಜಾಗಕ್ಕೆ ಮೊದಲು ದುಡ್ಡು ಹಾಕಿ, ಕಣ್ಣಿಗೆ ಕಾಣುವುದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು ಅನ್ನುವುದು ಅವರ ಲೆಕ್ಕ. ನಮ್ಮ ದೋಣಿಯ ಪ್ರತಿಯೊಂದು ತೀರ್ಮಾನವೂ ಅಲ್ಲಿಂದಲೇ ಹೊರಟಿತು.

ಮೊದಲನೆಯದು ಉಕ್ಕು. ತಳದ ಪ್ಲೇಟ್ 10 ಮಿಲಿಮೀಟರ್, ಪಕ್ಕದ ಗೋಡೆ 6, ಕ್ಯಾಬಿನ್ 5, ಚಾವಣಿ 4. ಇದು ಇಲ್ಲಿ ಸಾಮಾನ್ಯವಾಗಿ ನಡೆಯುವ ಅಳತೆ. ಉಕ್ಕು ತುಕ್ಕು ಹಿಡಿಯುವುದು ಹೊರಗಿನಿಂದ ಮಾತ್ರ ಅಲ್ಲ, ಒಳಗಿನಿಂದಲೂ ಹಿಡಿಯುತ್ತದೆ. ಸಿಂಕಿನ ಕೆಳಗೆ ಒಂದು ಹನಿ ಸೋರಿದರೂ ಅದು ತಳಕ್ಕೆ ಹೋಗಿ ಕೂರುತ್ತದೆ. ಅದಕ್ಕೆ ಕ್ಯಾಬಿನ್ನಿನ ಹಿಂದಿನ ತುದಿಯಲ್ಲಿ ನೆಲದಲ್ಲೊಂದು ಸಣ್ಣ ಕಿಂಡಿ ಬಿಡಿಸಿದೆವು. ಕೈ ಹಾಕಿ ತಳ ಮುಟ್ಟಿ ನೋಡಬಹುದು. ಒಣಗಿದ್ದರೆ ನಿದ್ದೆ ಬರುತ್ತದೆ.

ನೆಲದ ಹಲಗೆಯ ಕೆಳಗೆ ಟನ್‌ಗಟ್ಟಲೆ ಇಟ್ಟಿಗೆ ಇರುತ್ತದೆ, ಗೊತ್ತಾ? ಅದಿಲ್ಲದಿದ್ದರೆ ದೋಣಿ ನೀರಿನ ಮೇಲೆ ಎತ್ತರಕ್ಕೆ ತೇಲಿ ತೊನೆದಾಡುತ್ತದೆ. ಪ್ರೊಪೆಲರ್ ಪೂರ್ತಿ ಮುಳುಗುವುದಿಲ್ಲ, ಸೇತುವೆಯ ಕಮಾನಿಗೆ ಚಾವಣಿ ತಗಲುತ್ತದೆ. ಗಟ್ಟಿ ಇಟ್ಟಿಗೆಯನ್ನೋ ಕಾಂಕ್ರೀಟ್ ಚಪ್ಪಡಿಯನ್ನೋ ಗಾಳಿಯಾಡಲು ಜಾಗ ಬಿಟ್ಟು ಜೋಡಿಸುತ್ತಾರೆ. ಇದರಲ್ಲೊಂದು ತಮಾಷೆ ಇದೆ. ನೀರಿನ ಟ್ಯಾಂಕ್ ಇರುವುದು ಮೂತಿಯಲ್ಲಿ. ನಮ್ಮದು 500 ಲೀಟರ್, ಅಂದರೆ ಅರ್ಧ ಟನ್. ಸ್ನಾನ ಮಾಡಿ ಪಾತ್ರೆ ತೊಳೆದು ನೀರು ಖಾಲಿಯಾದ ಹಾಗೆ ಮೂತಿ ಮೇಲೇಳುತ್ತದೆ. ಹಾಗಾಗಿ ಟ್ಯಾಂಕ್ ಅರ್ಧ ಇದ್ದಾಗ ಮಟ್ಟ ನೋಡಿ ಇಟ್ಟಿಗೆ ಹೊಂದಿಸಬೇಕು. ಎಡ ಬಲದ ತೂಕವೂ ನೋಡಬೇಕು. ಒಲೆ, ಫ್ರಿಜ್, ಬೀರು ಎಲ್ಲ ಒಂದೇ ಪಕ್ಕಕ್ಕೆ ಬಂದರೆ ದೋಣಿ ಆ ಕಡೆಗೆ ವಾಲಿ ನಿಲ್ಲುತ್ತದೆ. ನಮ್ಮ ಮಗ ನೆಲದ ಮೇಲೆ ಗೋಲಿ ಬಿಟ್ಟು ಪರೀಕ್ಷೆ ಮಾಡುತ್ತಿದ್ದ. ಬಡಗಿ ಮಟ್ಟಗೋಲು ಹಿಡಿದು ನೋಡುತ್ತಿದ್ದರು. ಇಬ್ಬರ ಉತ್ತರವೂ ಒಂದೇ ಬರುತ್ತಿತ್ತು.

ಇಟ್ಟಿಗೆಯ ನಂತರ ಫೋಮ್. ಉಕ್ಕಿನ ಒಳಮೈಗೆ ಮರದ ಪಟ್ಟಿ ಹೊಡೆದು, ಅವುಗಳ ನಡುವೆ ಪಾಲಿಯುರಿಥೇನ್ ಫೋಮ್ ಸಿಂಪಡಿಸುತ್ತಾರೆ. ಅದು ಉಬ್ಬಿ ಉಕ್ಕಿಗೆ ಅಂಟಿಕೊಳ್ಳುತ್ತದೆ. ಹಿಂದೆ ಥರ್ಮೋಕೋಲ್ ಹಾಳೆ ಇಡುತ್ತಿದ್ದರು. ಅದು ಅಗ್ಗ, ಆದರೆ ಹಾಳೆಯ ಹಿಂದೆ ಗಾಳಿ ಉಳಿದು ಅಲ್ಲಿ ನೀರು ಕಟ್ಟುತ್ತದೆ. ಜೊತೆಗೆ ಪಿವಿಸಿ ವೈರಿಗೂ ಥರ್ಮೋಕೋಲಿಗೂ ಆಗಿಬರುವುದಿಲ್ಲ. ಎರಡೂ ತಾಗಿಕೊಂಡಿದ್ದರೆ ವರ್ಷಗಳು ಕಳೆದಂತೆ ವೈರಿನ ಮೇಲಿನ ಪಿವಿಸಿ ತನ್ನ ಮೆದುತನ ಕಳೆದುಕೊಂಡು ಗಡುಸಾಗುತ್ತದೆ. ಗೋಡೆಯೊಳಗೆ ಹೀಗಾದರೆ ಯಾರು ಬಿಚ್ಚಿ ನೋಡುತ್ತಾರೆ? ಫೋಮಿನ ದರ ಕೇಳಿ ಎದೆ ಧಸಕ್ ಅಂದರೂ ಅಲ್ಲಿ ಚೌಕಾಸಿ ಮಾಡಲಿಲ್ಲ. ಚಳಿಗಾಲದಲ್ಲಿ ಒಳಗೆ ಅನ್ನ ಬೇಯುತ್ತಿದ್ದರೆ ಹೊರಗೆ ಮಂಜು ಬಿದ್ದಿರುತ್ತದೆ. ಆ ಹಬೆಗೆ ತಣ್ಣನೆ ಉಕ್ಕು ಎಲ್ಲಿ ಸಿಕ್ಕಿದರೂ ನೀರಾಗಿ ಇಳಿಯುತ್ತದೆ. ಕಿಟಕಿಯ ಚೌಕಟ್ಟಿನ ಸುತ್ತಲೂ ಇದು ಜಾಸ್ತಿ. ಅದಕ್ಕೇ ಡಬಲ್ ಗಾಜಿನ ಕಿಟಕಿ ಹಾಕಿಸಿ, ಸಂಖ್ಯೆ ಕಡಿಮೆ ಮಾಡಿದೆವು.

ಎಂಜಿನ್ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಅಷ್ಟು ಆಸಕ್ತಿ ಇಲ್ಲ. ಇಲ್ಲಿ ಬಹಳ ಜನ ಹಾಕಿಸುವ ಬೀಟಾ ಮರೀನ್ ಡೀಸೆಲ್ ಎಂಜಿನ್ನೇ ನಾವೂ ಹಾಕಿಸಿದೆವು. ಅದರ ಮೂಲ ಕುಬೋಟಾದ್ದು. ನಮ್ಮೂರ ಗದ್ದೆಗಳಲ್ಲಿ ಕುಬೋಟಾ ಟ್ರಾಕ್ಟರ್ ನೋಡಿದವರಿಗೆ ಧೈರ್ಯ ಬರುತ್ತದೆ. ಕಾಲುವೆಯ ಕೆಸರು ನೀರನ್ನು ಎಂಜಿನ್ ಒಳಗೆ ಬಿಡುವುದಿಲ್ಲ. ದೋಣಿಯ ಪಕ್ಕಕ್ಕೆ ಬೆಸುಗೆ ಹಾಕಿದ ಚಪ್ಪಟೆ ತೊಟ್ಟಿಯಲ್ಲಿ ಕೂಲೆಂಟ್ ಸುತ್ತುತ್ತದೆ, ಹೊರಗಿನ ನೀರು ಉಕ್ಕಿನ ಮೂಲಕವೇ ಅದನ್ನು ತಣ್ಣಗೆ ಮಾಡುತ್ತದೆ. 4 ಅಶ್ವಶಕ್ತಿಗೆ 1 ಚದರಡಿ ತೊಟ್ಟಿ ಅನ್ನುವುದು ಇಲ್ಲಿನ ಬಾಯಿಲೆಕ್ಕ. ಎಂಜಿನ್ನಿನ ಅದೇ ಬಿಸಿ ಗೀಸರಿನ ಸುರುಳಿಗೂ ಹೋಗುವುದರಿಂದ ಒಂದೆರಡು ಗಂಟೆ ಓಡಿಸಿದರೆ ಸ್ನಾನಕ್ಕೆ ನೀರು ಪುಕ್ಕಟೆ. ಹಿಂದಿನ ಡೆಕ್ಕಿನಲ್ಲಿ ಪ್ರೊಪೆಲರಿನ ನೇರ ಮೇಲಕ್ಕೆ ಒಂದು ಮುಚ್ಚಳ ಇರುತ್ತದೆ. ಬ್ಲೇಡಿಗೆ ಹುಲ್ಲು, ಪ್ಲಾಸ್ಟಿಕ್ ಚೀಲ, ಹಳೆ ಬಟ್ಟೆ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು, ಕೈ ಹಾಕಿ ಕೀಳಬೇಕು. ಮತ್ತೆ ಬಿಗಿಯಾಗಿ ಮುಚ್ಚದೆ ಎಂಜಿನ್ ಹಾಕಿದರೆ ನೀರು ಒಳಗೆ ನುಗ್ಗುತ್ತದೆ, ದೋಣಿ ಮುಳುಗಿದ್ದೂ ಉಂಟು.

ಈಗ ಅಡುಗೆಮನೆ. ನಮ್ಮಲ್ಲಿ ಚರ್ಚೆ ಕಾವೇರಿದ್ದು ಇಲ್ಲೇ. 'ರೀ, ಗ್ರೈಂಡರ್ ಇಲ್ದೆ ನಾನು ಬರಲ್ಲ' ಅಂತ ಹೆಂಡತಿ ಮೊದಲ ದಿನವೇ ಹೇಳಿಬಿಟ್ಟಿದ್ದಳು. ದೋಣಿಯಲ್ಲಿರುವುದು 12 ವೋಲ್ಟಿನ ಬ್ಯಾಟರಿ. ಮನೆಯ ಸಾಮಾನು ನಡೆಯಬೇಕಾದರೆ ಇನ್ವರ್ಟರ್ ಬೇಕು. ಎಲೆಕ್ಟ್ರೀಷಿಯನ್ ಒಂದು ಹಾಳೆ ಕೊಟ್ಟು, ನೀವು ಬಳಸುವ ಪ್ರತಿಯೊಂದರ ವ್ಯಾಟ್ ಮತ್ತು ದಿನಕ್ಕೆ ಎಷ್ಟು ಹೊತ್ತು ಅಂತ ಬರೆಯಿರಿ ಅಂದರು. ಗ್ರೈಂಡರ್ ದೊಡ್ಡ ರಾಕ್ಷಸ ಅಂದುಕೊಂಡಿದ್ದವರಿಗೆ ಲೆಕ್ಕ ತಿರುವುಮುರುವಾಗಿ ಬಂತು. ಟೇಬಲ್ ಮೇಲಿಡುವ ಗ್ರೈಂಡರ್ 150 ವ್ಯಾಟ್. ಅರ್ಧ ಗಂಟೆ ತಿರುಗಿದರೂ ಬ್ಯಾಟರಿಯಿಂದ ಹೋಗುವುದು 7 ಆಂಪಿಯರ್ ಅವರ್, ಅಂದರೆ 1 ಆಂಪಿಯರಿನಂತೆ 7 ಗಂಟೆ ಎಳೆದಷ್ಟು. ಮಿಕ್ಸಿ 750 ವ್ಯಾಟ್, ಆದರೆ ಚಟ್ನಿಗೆ ಎರಡು ನಿಮಿಷ ಸಾಕು. ನಿಜವಾದ ಕಳ್ಳ ಇಂಗ್ಲಿಷರ ಎಲೆಕ್ಟ್ರಿಕ್ ಕೆಟಲ್. 3 ಕಿಲೋವ್ಯಾಟಿನ ಕೆಟಲ್ ಹಾಕಿದ ಕ್ಷಣ 12 ವೋಲ್ಟಿನ ಬ್ಯಾಟರಿಯಿಂದ 250 ಆಂಪಿಯರ್ ಎಳೆಯುತ್ತದೆ. ಕೆಟಲ್ ಬಿಟ್ಟು ಟೀ ಒಲೆಯ ಮೇಲೆ, ನಮ್ಮ ಪಾತ್ರೆಯಲ್ಲಿ. ಫ್ರಿಜ್ ಮಾತ್ರ ಹಗಲೂ ರಾತ್ರಿ ತಿನ್ನುತ್ತದೆ. 12 ವೋಲ್ಟಿನ ಒಳ್ಳೆಯ ಫ್ರಿಜ್ಜೇ ದಿನಕ್ಕೆ 40-50 ಆಂಪಿಯರ್ ಅವರ್ ಕುಡಿಯುತ್ತದೆ. ಬ್ಯಾಟರಿ ಹಿಂದೆ, ಫ್ರಿಜ್ ದೂರದಲ್ಲಿ ಮುಂದೆ ಇದ್ದರೆ ತೆಳು ವೈರಿನಲ್ಲಿ ವೋಲ್ಟೇಜ್ ಇಳಿದು ಅದು ನಡೆಯುವುದೇ ಇಲ್ಲ. ಅದಕ್ಕೇ ಅಡುಗೆಮನೆಯನ್ನೇ ಹಿಂದಕ್ಕೆ ತಂದು, ಮಲಗುವ ಕೋಣೆ ಮುಂದಕ್ಕೆ ಹಾಕಿದೆವು. ದೋಣಿ ನಡೆಸುತ್ತಿರುವವರಿಗೆ ಕಾಫಿ ಕೈಗೆ ಕೊಡುವುದೂ ಸುಲಭ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 400 ಆಂಪಿಯರ್ ಅವರಿನದು ತೆಗೆದುಕೊಂಡೆವು. ತೂಕ ಕಡಿಮೆ, ಹೆಚ್ಚುಕಮ್ಮಿ ಪೂರ್ತಿ ಖಾಲಿಯಾಗುವವರೆಗೂ ಬಳಸಬಹುದು. ಎರಡು ಷರತ್ತು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಗಾಗಿ ಎಂಜಿನ್ ಕೋಣೆಯ ಬದಲು ಕ್ಯಾಬಿನ್ ಒಳಗೆ ಇಡಿಸಿದೆವು. ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿಗೆ ನೇರ ಜೋಡಿಸಿದರೆ ಅದು ಕೊಟ್ಟಷ್ಟನ್ನೂ ಬ್ಯಾಟರಿ ಎಳೆದುಕೊಂಡು ಆಲ್ಟರ್ನೇಟರ್ ಸುಡಬಹುದು, ಅದಕ್ಕೆ ನಡುವೆ ಒಂದು ಚಾರ್ಜರ್. ಚಾವಣಿಯ ಸೋಲಾರ್ ಬೇಸಿಗೆಯಲ್ಲಿ ಸಾಕೋ ಸಾಕು. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವ ದೇಶ ಇದು, ಆಗ ಅದನ್ನು ನೆಚ್ಚಿಕೊಂಡರೆ ಕತ್ತಲೆಯೇ ಗತಿ.

ಒಲೆಗೆ ಗ್ಯಾಸ್. ನೀಲಿ ಸಿಲಿಂಡರಿನ ಬ್ಯುಟೇನ್ ಚಳಿಗೆ ಆವಿಯಾಗುವುದಿಲ್ಲ, ಅದಕ್ಕೆ ಕೆಂಪು ಸಿಲಿಂಡರಿನ ಪ್ರೊಪೇನ್, 13 ಕಿಲೋ. ಈ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನ ಕೆಳಗಿನಿಂದ ಹೊರಗೆ ಹೋಗುತ್ತದೆ, ದೋಣಿಯಲ್ಲಿ ತಳದಲ್ಲಿ ಸೇರಿಕೊಂಡು ಕಿಡಿಗೆ ಕಾಯುತ್ತದೆ. ಅದಕ್ಕೇ ಸಿಲಿಂಡರಿಗೆ ಮೂತಿಯಲ್ಲಿ ಕ್ಯಾಬಿನ್ನಿಗೆ ಸಂಬಂಧವೇ ಇಲ್ಲದ ಪೆಟ್ಟಿಗೆ. ಅದರ ತಳದಲ್ಲಿ ಸೋರಿದ ಗ್ಯಾಸ್ ಹೊರಗೆ ಹೋಗುವ ತೂತು. ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ಬರ್ನರ್. ಕಾರ್ಬನ್ ಮಾನಾಕ್ಸೈಡ್ ಅಲಾರಂ ದೋಣಿಗಳಲ್ಲಿ 2019ರ ಏಪ್ರಿಲ್‌ನಿಂದ ಕಡ್ಡಾಯ. ಚಳಿಗೆ ಕಟ್ಟಿಗೆ ಒಲೆ ಬೇರೆ ಇರುವುದರಿಂದ ಚಾವಣಿಯ ಗಾಳಿಕಿಂಡಿಗೆ ಯಾರೂ ಬಟ್ಟೆ ತುರುಕಬಾರದು. ನಮ್ಮ ಅತ್ತೆ ಊರಿಂದ ಬಂದಾಗ ಚಳಿ ಅಂತ ತುರುಕಲು ಹೋಗಿದ್ದರು.

ಒಣಮೆಣಸಿನಕಾಯಿ ಒಗ್ಗರಣೆಯ ಘಾಟು 6 ಅಡಿ ಅಗಲದ ಉಕ್ಕಿನ ಕೊಳವೆಯಲ್ಲಿ ಹೇಗಿರುತ್ತದೆ ಅಂತ ಕಲ್ಪಿಸಿಕೊಳ್ಳಿ. ಒಲೆಯ ಪಕ್ಕಕ್ಕೇ ಗೋಡೆಯಲ್ಲಿ ಹ್ಯಾಚ್ ಅನ್ನುವ ಎರಡು ಬಾಗಿಲಿನ ಕಿಂಡಿ ಇಡಿಸಲು ಕಾರಣ ಅದು. ಕಟ್ಟುವವರು 'ನೋಟ ಚೆನ್ನಾಗಿರುತ್ತೆ' ಅಂತ ಹೊಗಳಿದರು. ನಾವು ಒಗ್ಗರಣೆಯ ವಿಷಯ ಎತ್ತಲಿಲ್ಲ.

ಮುಂದಿನದು ಮುಜುಗರದ ಮಾತು, ಆದರೂ ಹೇಳಲೇಬೇಕು, ಏಕೆಂದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ದೋಣಿಗಾರರು ಇಬ್ಬರು ಸೇರಿದರೆ ಮಾತು ಟಾಯ್ಲೆಟ್ಟಿಗೆ ಬಂದೇ ಬರುತ್ತದೆ. ಮೂರು ಬಗೆ ಇದೆ. ನೆಲದಡಿಯ ದೊಡ್ಡ ಟ್ಯಾಂಕಿಗೆ ಹೋಗಿ ಆಮೇಲೆ ಮೆರೀನಾದಲ್ಲಿ, ಅಂದರೆ ದೋಣಿಗಳ ನಿಲ್ದಾಣದಲ್ಲಿ, ಪಂಪ್ ಹಾಕಿ ಎಳೆಸುವುದು. ಸುಮಾರು 20 ಲೀಟರಿನ ಕ್ಯಾಸೆಟ್ ಡಬ್ಬ, ತುಂಬಿದಾಗ ಹೊತ್ತುಕೊಂಡು ಹೋಗಿ ನಿಗದಿಯಾದ ಜಾಗದಲ್ಲಿ ಸುರಿಯುವುದು. ಮತ್ತೆ ಈಗ ಬಹಳ ಹೆಸರು ಮಾಡಿರುವ, ದ್ರವ ಘನ ಬೇರೆ ಮಾಡುವ ಒಣ ಟಾಯ್ಲೆಟ್. ಪರಿಸರಕ್ಕೆ ಒಳ್ಳೆಯದು, ನೀರು ಬೇಡ, ವಾಸನೆ ಇಲ್ಲ ಅಂತ ಎಲ್ಲರೂ ನಮಗೆ ಅದನ್ನೇ ಹೇಳಿದರು. ಆದರೆ ಅದು ನಡೆಯುವುದು ಒಣಗಿದ್ದರೆ ಮಾತ್ರ. ಚೊಂಬು ಹಿಡಿದು ಬೆಳೆದ ನಾವು ನೀರಿಲ್ಲದೆ ಹೇಗೆ? ಒಂದು ಚೊಂಬು ನೀರು ಬಿದ್ದರೆ ಆ ಯಂತ್ರದ ಇಡೀ ತತ್ವವೇ ಕೆಟ್ಟಿತು. ಕ್ಯಾಸೆಟ್ ಆದರೆ ಬೇಗ ತುಂಬುತ್ತದೆ. ಕೊನೆಗೆ ದೊಡ್ಡ ಟ್ಯಾಂಕಿನದೇ ಹಾಕಿಸಿ, ಪಕ್ಕಕ್ಕೆ ಜೆಟ್ ಸ್ಪ್ರೇ ಇಡಿಸಿದೆವು. ಪ್ಲಂಬರ್ ಅದನ್ನು ನಾಯಿ ತೊಳೆಯಲು ಅಂದುಕೊಂಡಿದ್ದರು. ಇರಲಿ ಬಿಡಿ ಅಂತ ಸುಮ್ಮನಾದೆ.

ಮಿಕ್ಕ ಮರಗೆಲಸ ಚಕಚಕ ಮುಗಿಯಿತು. 4 ಅಡಿ ಅಗಲದ ಮಂಚ, ಪಕ್ಕದಲ್ಲಿ 2 ಅಡಿ ಓಡಾಡುವ ದಾರಿ. ಮಗನಿಗೆ ಮೇಲೆ ಕೆಳಗೆ ಎರಡು ಹಾಸಿಗೆ. ದೇವರ ಗೂಡು ಕಟ್ಟಿಗೆ ಒಲೆಯಿಂದ ದೂರ, ದೀಪಕ್ಕೆ ಗಾಜಿನ ಮರೆ. ಹೊರಗೋಡೆಗೆ ಹೆಸರು ಬರೆಯಲು ಬಂದ ಕಲಾವಿದರು ಕಾಲುವೆ ದೋಣಿಗಳ ಹಳೆಯ ಪದ್ಧತಿಯಂತೆ ಗುಲಾಬಿ, ಕೋಟೆ ಬಿಡಿಸುವವರು. ಅವರಿಗೆ 'ಶಿಂಷಾ' ಅಂತ ಕನ್ನಡದಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿ ಕೊಟ್ಟೆವು. ಚಾಕ್ ಉಜ್ಜಿ ಅಚ್ಚು ಇಳಿಸಿಕೊಂಡು, ಒಂದೇ ಉಸಿರಿಗೆ ಬರೆದರು. ಇಂಗ್ಲಿಷ್ ಹೆಸರು ಚಿಕ್ಕದಾಗಿ ಕೆಳಗೆ.

ಕಾಗದ ಪತ್ರ ಹೊಸ ದೋಣಿಗೆ ಅಷ್ಟು ಕಷ್ಟವಲ್ಲ. 2017ರ ರಿಕ್ರಿಯೇಷನಲ್ ಕ್ರಾಫ್ಟ್ ನಿಯಮಗಳಂತೆ ಕಟ್ಟಿದ್ದೇವೆ ಅಂತ ಕಟ್ಟಿದವರ ಘೋಷಣೆ, ದೋಣಿಗೊಂದು ಗುರುತಿನ ಸಂಖ್ಯೆ, ಮಾಲೀಕರ ಕೈಪಿಡಿ. ಇಬ್ಬರ ಹತ್ತಿರ ಕೆಲಸ ಮಾಡಿಸಿದರೆ ಕೊನೆಯ ಘೋಷಣೆಗೆ ಯಾರು ಸಹಿ ಹಾಕುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ಅದಿದ್ದರೆ ಬೋಟ್ ಸೇಫ್ಟಿ ಪರೀಕ್ಷೆ 4 ವರ್ಷ ಬೇಕಿಲ್ಲ, ಆಮೇಲೆ 4 ವರ್ಷಕ್ಕೊಮ್ಮೆ. ಥರ್ಡ್ ಪಾರ್ಟಿ ವಿಮೆ ತೋರಿಸಿ ಕೆನಾಲ್ ಅಂಡ್ ರಿವರ್ ಟ್ರಸ್ಟಿನ ಲೈಸೆನ್ಸ್ ತೆಗೆದುಕೊಳ್ಳಬೇಕು. 2012ರಿಂದ ಇಲ್ಲಿನ ಸುಮಾರು 2,000 ಮೈಲಿ ಕಾಲುವೆ, ನದಿ ನೋಡಿಕೊಳ್ಳುವುದು ಈ ಟ್ರಸ್ಟ್. ಕಾಯಂ ಜಾಗ ಇಲ್ಲದವರು ಒಂದು ಕಡೆ 14 ದಿನಕ್ಕಿಂತ ನಿಲ್ಲುವ ಹಾಗಿಲ್ಲ. ನಾವು ಕೆಲಸಕ್ಕೆ ಹೋಗುವವರು, ಮೆರೀನಾದಲ್ಲಿ ಜಾಗ ಹಿಡಿದೆವು. ಅಲ್ಲಿ ಕರೆಂಟಿಗೆ ಜೋಡಿಸುವ ಮುಂಚೆ ಗ್ಯಾಲ್ವಾನಿಕ್ ಐಸೊಲೇಟರ್ ಇರಲೇಬೇಕು. ಇಲ್ಲದಿದ್ದರೆ ಅರ್ತ್ ವೈರಿನ ಮೂಲಕ ಅಕ್ಕಪಕ್ಕದ ದೋಣಿಗಳ ಜೊತೆ ಸೇರಿಕೊಂಡು ನಿಮ್ಮ ಉಕ್ಕು ಸವೆಯುತ್ತದೆ. ಹಾಗೆ ಸವೆಯುವುದಾದರೆ ಮೊದಲು ಸವೆಯಲಿ ಅಂತಲೇ ನೀರಿನೊಳಗೆ ಮೆಗ್ನೀಷಿಯಂ ಗಟ್ಟಿಗಳನ್ನು ಬೆಸೆದಿರುತ್ತಾರೆ.

ಕ್ರೇನಿನಲ್ಲಿ ಇಳಿಸಿದ ವಾರವೇ ಎಂಜಿನ್ ಕೋಣೆಯಲ್ಲಿ ಹನಿ ಹನಿ ನೀರು ಕಂಡು ಹೆಂಡತಿ ಗಾಬರಿಯಾದಳು. ಪ್ರೊಪೆಲರಿನ ದಂಡ ಹೊರಗೆ ಹೋಗುವ ಜಾಗದಲ್ಲಿ ಅಷ್ಟು ಹನಿಯುವುದು ಸಹಜ. ದಿನದ ಓಟ ಮುಗಿದ ಮೇಲೆ ಗ್ರೀಸಿನ ತಿರುಪು ತಿರುಗಿಸಿದರೆ ನಿಲ್ಲುತ್ತದೆ. ಈಗ ಅದು ಮಗನ ಕೆಲಸ.

ಮುಂದಿನ ವರ್ಷ ದೋಣಿಯನ್ನು ನೀರಿನಿಂದ ಎತ್ತಿಸಿ ತಳಕ್ಕೆ ಟಾರು ಬಳಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಅದು ಇದ್ದದ್ದೇ. ಮೊನ್ನೆ ಮಿಲ್ಟನ್ ಕೀನ್ಸಿನ ಕನ್ನಡದ ಸ್ನೇಹಿತರೊಬ್ಬರು ಮನೆಯವರ ಜೊತೆ ದೋಣಿ ನೋಡಲು ಬಂದಿದ್ದರು, ಅವರಿಗೂ ಕಟ್ಟಿಸುವ ಮನಸ್ಸಿದೆ. ನಾನು ನೆಲದ ಕಿಂಡಿ ತೆಗೆದು ಒಣಗಿದ ತಳ ತೋರಿಸಿದೆ. ಅವರು ಬಗ್ಗಿ ನೋಡಿ ಹೂಂ ಅಂದು ಓಕ್ ಗೋಡೆಯ ದರ ಕೇಳಿದರು. ಅವರ ಮನೆಯವರು ಮಾತ್ರ ದೋಸೆ ತಿನ್ನುತ್ತಲೇ ಗ್ರೈಂಡರನ್ನು ತಿರುಗಿಸಿ, ಹಿಂದಿನ ಚೀಟಿಯಲ್ಲಿದ್ದ ವ್ಯಾಟ್ ಎಷ್ಟು ಅಂತ ನೋಡಿ ಫೋನಿನಲ್ಲಿ ಬರೆದುಕೊಂಡರು.